ಹಳೇ ಸಣ್ಣ ಟ್ರ್ಯಾಕ್ಟರ್ ಗುಜರಿಗೆ ಹಾಕೂಕಿಂತ ಮೊದಲ ನಮ್ಮನ್ನೂ ಒಂದ ಮಾತ ಕೇಳ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ವಾಚಕರ ಪತ್ರದಾಗ ಒಬ್ರು ಬರದಿದ್ರು, ಹದಿನೈದು ವರ್ಷ ದಾಟಿದ ಟ್ರ್ಯಾಕ್ಟರ್ ಎಲ್ಲಾ ಹಿಡದು ಗುಜರಿಗೆ ಹಾಕ್ಬೇಕು, ರೋಡ್ ಮ್ಯಾಲ ಹೊಗಿ ಬಿಟ್ಕೋತ ಅಡ್ಡ ಬರ್ತಾವು, ಆಕ್ಸಿಡೆಂಟ್ ಆಗೂದ ಅವುಗಳಿಂದ ಅಂತ. ಅವರ ಸಿಟ್ಟು ನನಗ ತಿಳೀತೈತ್ರಿ. ಕಬ್ಬಿನ ಸೀಜನ್ನಿನಾಗ ಜಮಖಂಡಿ ಮುಧೋಳ ಕಡೆ ರಾತ್ರಿ ಹೊತ್ತು ಬೈಕ್ ಮ್ಯಾಲ ಹೋಗಿ ಬಂದಾವ್ರಿಗೆ ಹೇಳೂದ ಬ್ಯಾಡ, ಎರಡೆರಡು ಟ್ರೇಲರ್ ಕಟ್ಟಿ, ಹಿಂದ ಒಂದ ರೇಡಿಯಂ ಸ್ಟಿಕ್ಕರ್ ಸುದ್ದಾ ಇಲ್ಲದ, ಮುಂದ ಡಿಜೆ ಹಚ್ಕೊಂಡು ಹೊಂಟಿರ್ತಾರ, ಹಿಂದಿನಾವ ಹಾರ್ನ್ ಹೊಡದ್ರೂ ಕೇಳಂಗಿಲ್ಲ. ಆದ್ರ ಅಣ್ಣಾರ, ಅವುಗಳನ್ನ ಒಮ್ಮೆ ಹಗಲಿನಾಗ ನಿಂತು ನೋಡ್ರಿ, ಬಹಳಷ್ಟು ಐವತ್ತು ಎಚ್‌ಪಿ ಆಸುಪಾಸಿನ ಹೊಸಾವ ಇರ್ತಾವು, ಫೈನಾನ್ಸ್ ಕಂತು ಇನ್ನೂ ಮುಗಿದಿರಂಗಿಲ್ಲ. ನಮ್ಮ ಹಳೇ 25 ಎಚ್‌ಪಿ ಜೆಟರ್ ಟ್ರ್ಯಾಕ್ಟರ್‌ಗೆ ಎರಡ ಟ್ರೇಲರ್ ಕಬ್ಬು ಕಟ್ಟಿ ಎಳಸಿದ್ರ ಅದು ಅಲ್ಲೇ ಮುಂದಿನ ಗಾಲಿ ಎತ್ತಿ ನಿಂದರತೈತಿ, ರೋಡ್ ತನಕ ಬರೂದ ಇಲ್ಲ.

ನಾನು ತಿಕೋಟಾ ತಾಲೂಕಿನ ದ್ರಾಕ್ಷಿ ಬೆಳೆಗಾರ. ನಮ್ಮ ಭಾಗದಾಗ ಟ್ರ್ಯಾಕ್ಟರ್ ಅಂದ್ರ ದೊಡ್ಡ ಟ್ರ್ಯಾಕ್ಟರ್ ಬ್ಯಾರೆ, ತ್ವಾಟದ ಟ್ರ್ಯಾಕ್ಟರ್ ಬ್ಯಾರೆ. ದ್ರಾಕ್ಷಿ ಸಾಲಿನ ನಡುವ, ಮ್ಯಾಲ ಪಂದಲ (ಚಪ್ಪರ) ತಂತಿ ಕೆಳಗ, ದೊಡ್ಡದು ಹೋಗಂಗಿಲ್ಲ. ಅಲ್ಲಿ ನಡಿಯೂದು ಮಿತ್ಸುಬಿಶಿ ಶಕ್ತಿ 180ಡಿ ಅಂಥಾವು, ಮೂರು ಸಿಲಿಂಡರಿನ 18.5 ಎಚ್‌ಪಿ ಸಣ್ಣ ಗಾಡಿ, ಬೆಂಗಳೂರಿನ ವಿಎಸ್‌ಟಿಯವರು ಜಪಾನಿನ ಮಿತ್ಸುಬಿಶಿ ಜೋಡಿ ಕೂಡಿ ತಂದದ್ದು. ಅಕ್ಟೋಬರ್ ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೂದು, ಆದ ಮ್ಯಾಲ ಚಿಗುರು ಬರೂ ಹೊತ್ತಿಗೆ ಒಂದ ಮಳಿ ಬಿದ್ರ ಸಾಕ್ರಿ, ಡೌನಿ ರೋಗ ಬಡಿತೈತಿ, ಆವಾಗ ಬ್ಲೋವರ್ ಕಟ್ಕೊಂಡು ಮುಂಜಾನೆ ಸಂಜಿ ಔಷಧ ಹೊಡಿಯೂದ. ಆ ನಾಕ ದಿನದಾಗ ಟ್ರ್ಯಾಕ್ಟರ್ ಕೈ ಕೊಟ್ರ ವರ್ಷದ ಪೀಕು ಹೋದಂಗ. ಅದಕ್ಕ ಹಳೇ ಗಾಡಿ ಚಲೋ ಇಟ್ಕೊಳ್ಳೂದು ನಮಗ ಬರೇ ಶೋಕಿ ಅಲ್ಲ. ಶೋಕಿ ಇಲ್ಲಂತ ಹೇಳಂಗಿಲ್ಲ, ಐತಿ, ಮನ್ಯಾಗ ಕೇಳಿದ್ರ ಅದ ಹೆಚ್ಚೈತಿ ಅಂತಾರ.

ನಮ್ಮದೊಂದು ಗುಂಪು ಐತ್ರಿ. ಹೆಸರಿಲ್ಲ, ಬೋರ್ಡಿಲ್ಲ, ಅಧ್ಯಕ್ಷ ಕಾರ್ಯದರ್ಶಿ ಯಾರೂ ಇಲ್ಲ (ಅದಕ್ಕ ಇನ್ನೂ ಒಡದಿಲ್ಲ). ಬಸ್ ಡಿಪೋದಾಗ ಮೆಕ್ಯಾನಿಕ್ ಆಗಿ ರಿಟೈರ್ ಆದ ಒಬ್ಬ ಕಾಕಾ, ಒಬ್ಬ ಲೇತ್ ಮಿಸ್ತ್ರಿ, ಬೆಸಗಿ ಹಾಕೂ ಚಾಚಾ, ಡೈನಮೋ ವೈಂಡಿಂಗ್ ಮಾಡೂ ಒಬ್ಬ ಹುಡುಗ, ಉಳಿದಾವ್ರೆಲ್ಲಾ ನನ್ನಂಥಾ ರೈತರು. ಐತವಾರ ಯಾರ ಶೆಡ್ಡಿನಾಗ ಗಾಡಿ ಬಿಚ್ಚಿರ್ತೈತೋ ಅಲ್ಲಿ ಕೂಡೂದು. ಕೂಲಿ ಲೆಕ್ಕ ಇಲ್ಲ, ಮಧ್ಯಾಹ್ನ ರೊಟ್ಟಿ ಆ ಮನಿಯವ್ರದು. ಇವತ್ತ ನಿಂದು, ನಾಳೆ ನಂದು. ಹಿಂದಕ ನಮ್ಮ ಹಿರ್ಯಾರು ಮುಯ್ಯಾಳು ಅಂತ ಮಾಡ್ತಿದ್ರಲ್ಲ, ಒಬ್ಬರ ಹೊಲಕ್ಕ ಒಬ್ಬರು ಹೋಗೂದು, ಅದ ಇದು, ಬರೇ ಕುಡಗೋಲ ಬದಲಿ ಪಾನಾ (ಸ್ಪ್ಯಾನರ್) ಹಿಡದೇವಿ.

ಕೆಲಸ ಹೆಂಗ ನಡಿತೈತಿ ಅನ್ನೂದು ಸ್ವಲ್ಪ ಹೇಳ್ತೀನ್ರಿ, ಯಾಕಂದ್ರ ಗುಜರಿಗೆ ಹಾಕ್ರಿ ಅನ್ನಾವ್ರಿಗೆ ಇದರಾಗ ಏನೈತಿ ಅನ್ನೂದ ಗೊತ್ತಿರಂಗಿಲ್ಲ.

ಒಂದ ಸಣ್ಣ ಟ್ರ್ಯಾಕ್ಟರ್ ಒಣದ್ರಾಕ್ಷಿ ಶೆಡ್ಡಿನ ಹಿಂದ ಜಾಲಿ ಕಂಟಿ ನಡುವ ವರ್ಷಗಟ್ಟಲೆ ನಿಂತಿತ್ತು, ಎಂಜಿನ್ ಜಾಮ್. ಮಾಲಕ ತೂಕಕ್ಕ ಕೊಡಾಕ ತಯಾರಾಗಿದ್ದ. ಜಾಮ್ ಆದ ಎಂಜಿನ್ನಿಗೆ ಮಂದಿ ಮೊದ್ಲ ಮಾಡೂದು ಏನು ಗೊತ್ತೇನ್ರಿ, ಇನ್ನೊಂದು ದೊಡ್ಡ ಟ್ರ್ಯಾಕ್ಟರ್‌ಗೆ ಸರಪಳಿ ಹಾಕಿ ಗೇರಿನಾಗಿಟ್ಟು ಜಗ್ಗೂದು. ಅದನ್ನ ಮಾಡಬಾರದು, ಪಿಸ್ಟನ್ ಲೈನರ್‌ಗೆ ತುಕ್ಕಿನಿಂದ ಹಿಡಕೊಂಡಿರ್ತೈತಿ, ಜಗ್ಗಿದ್ರ ಕನೆಕ್ಟಿಂಗ್ ರಾಡ್ ಬಾಗತೈತಿ, ಇಲ್ಲಾಂದ್ರ ರಿಂಗ್ ಮುರದು ಲೈನರ್ ಗೀರತೈತಿ, ಅಲ್ಲಿಗೆ ಮುಗೀತು. ಕಾಕಾ ಮಾಡಿಸಿದ್ದು ಹೀಂಗ, ಎಂಜಿನ್ನಿನೊಳಗ ಡೀಸೆಲ್ ಸಿಡಿಸೂ ನಾಜಲ್ ಎಲ್ಲಾ ಬಿಚ್ಚಿ ಆ ತೂತಿನಾಗಿಂದ ಡೀಸೆಲ್ಲು ಎಂಜಿನ್ ಆಯಿಲ್ಲು ಕೂಡಿಸಿ ಹಾಕಿ ಸುಮ್ಮ ಬಿಟ್ಟ. ದಿನಾ ಹೋಗಿ ಮುಂದಿನ ಪುಲ್ಲಿ ನಟ್ಟಿಗೆ ಉದ್ದನ ಪೈಪ್ ಹಾಕಿ ಒಂಚೂರು ಆ ಕಡೆ, ಒಂಚೂರು ಈ ಕಡೆ. ಜೋರು ಮಾಡಂಗಿಲ್ಲ. ಒಂದಿನ ಕೂದಲೆಳಿ ಅಷ್ಟ ಅಲುಗಾಡ್ತು, ಆವತ್ತ ಎಲ್ಲಾರೂ ಚಾ ಕುಡದೇವಿ. ಬಿಟ್ಟ ಮ್ಯಾಲೂ ಹುಷಾರಿರಬೇಕು, ಮ್ಯಾಲಿನ ಎಣ್ಣಿ ತಗೀದ, ನಾಜಲ್ ಹಾಕಿ ಸೆಲ್ಫ್ ಹೊಡದ್ರ ಎಣ್ಣಿ ಒತ್ತಂಗಿಲ್ಲ, ರಾಡ್ ಮುರೀತೈತಿ. ಅದಕ್ಕ ನಾಜಲ್ ಬಿಚ್ಚಿದಾಗನ ತಿರುವಿ ಎಣ್ಣಿ ಎಲ್ಲಾ ಹೊರಗ ಚೆಲ್ಲಿ ಆಮ್ಯಾಗ ಮುಂದಿನ ಮಾತು. ಇಂಥಾದ್ದು ಪುಸ್ತಕದಾಗೂ ಇರಬಹುದು, ಆದ್ರ ನಮ್ಮ ಕಡೆ ಇದು ಕಾಕಾನ ತಲಿಯಾಗ ಐತಿ, ಅವರು ಹೋದ್ರ ಅದೂ ಹೋತು, ನನಗ ಅದರದ ಚಿಂತಿ.

ಹೊಗಿ ಮಾತು ಬಂತು. ಹಳೇದು ಅಂದ ಮಾತ್ರಕ್ಕ ಹೊಗಿ ಬಿಡಬೇಕು ಅಂತೇನಿಲ್ರಿ. ಕರಿ ಹೊಗಿ ಬಂದ್ರ ಡೀಸೆಲ್ ಪೂರಾ ಸುಡವಲ್ದು, ನಾಜಲ್ ಕೆಟ್ಟೈತಿ ಇಲ್ಲಾ ಏರ್ ಫಿಲ್ಟರ್ ಕಟ್ಟೈತಿ ಇಲ್ಲಾ ಪಂಪ್ ಹೆಚ್ಚು ಬಿಡಾಕತ್ತೈತಿ. ನೀಲಿ ಹೊಗಿ ಬಂದ್ರ ರಿಂಗ್ ಸವದು ಎಂಜಿನ್ ಆಯಿಲ್ ಸುಡಾಕತ್ತೈತಿ. ಎಂಜಿನ್ ಕಾದ ಮ್ಯಾಲೂ ಬಿಳಿ ಹೊಗಿ ನಿಲ್ಲಲಿಲ್ಲಾಂದ್ರ ನೀರು ಒಳಗ ಹೊಂಟೈತೇನು ನೋಡಬೇಕು, ಹೆಡ್ ಗ್ಯಾಸ್ಕೆಟ್. ವಿಜಯಪುರದಾಗ ಮೈಕೋ ಡೀಸೆಲ್ ಪಂಪ್ ಟೆಸ್ಟಿಂಗ್ ಮಾಡೂ ಅಂಗಡಿಯೊಳಗ ಪಂಪ್ ನಾಜಲ್ ಒಮ್ಮೆ ಕೂಡಿಸಿಕೊಂಡು ಬಂದ್ರ, ಏರ್ ಕ್ಲೀನರ್ ಬುಡಕಿನ ಎಣ್ಣಿ ಬದಲಿ ಮಾಡಿದ್ರ, ಅರ್ಧಕ್ಕಿಂತ ಹೆಚ್ಚು ಗಾಡಿ ಹೊಗಿ ಬಿಡೂದು ನಿಲ್ಲಸ್ತಾವು. ಪತ್ರ ಬರದಾವ್ರು ಒಮ್ಮೆ ನಮ್ಮ ಊರಿಗೆ ಬರ್ರಿ, ಸ್ಟಾರ್ಟ್ ಮಾಡಿ ತೋರಸ್ತೇವಿ, ಸೈಲೆನ್ಸರ್ ಮುಂದ ಬಿಳಿ ಟಾವೆಲ್ ಹಿಡೀರಿ ಬೇಕಾದ್ರ.

ಪಾರ್ಟ್ಸ್ ಸಿಗೂದಿಲ್ಲ ಅನ್ನೂದು ಎರಡನೇ ಮಾತು. ಇದು ಖರೇನ, ಆದ್ರ ಮಂದಿ ತಿಳಕೊಂಡಷ್ಟು ಖರೇ ಅಲ್ಲ. ಎಚ್‌ಎಂಟಿಯವರು 1971ರಾಗ ಪಿಂಜೋರಿನಾಗ ಜೆಕೊಸ್ಲೊವಾಕಿಯಾದ ಜೆಟರ್ ಜೋಡಿ ಕೂಡಿ 2511 ಶುರು ಮಾಡಿದ್ರು, ಎರಡು ಸಿಲಿಂಡರ್, 25 ಎಚ್‌ಪಿ. 2016ರಾಗ ಕೇಂದ್ರ ಸರ್ಕಾರ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗನ ಮುಚ್ಚಾಕ ತೀರ್ಮಾನ ಮಾಡ್ತು. ಡೀಲರ್ ಕಡೆ ಹೋದ್ರ ಆ ಮಾಡಲ್ ಬಂದಾತ್ರಿ ಅಂತ ಹೇಳಿ ಕೈ ಝಾಡಿಸ್ತಾರ, ಒಂದ ಅಂಗಡಿಯವ ಅಂತೂ ಹೊಸಾದರ ಪಾಂಪ್ಲೆಟ್ ಕೈಯಾಗಿಟ್ಟು ಕಳಿಸಿದ. ಆದ್ರ ಒಳಗಿನ ಬೇರಿಂಗ್ ಯಾವ ಟ್ರ್ಯಾಕ್ಟರ್ ಕಂಪನಿಯವ್ರೂ ಹುಟ್ಟಿಸಿದ್ದಲ್ಲ, ಅದರ ಮ್ಯಾಲ ನಂಬರ್ ಇರ್ತೈತಿ. 6205 ಅಂತಿದ್ರ ಒಳಗಿನ ತೂತು 25, ಹೊರಗ 52, ದಪ್ಪ 15 ಮಿಲಿಮೀಟರ್, ಜಗತ್ತಿನ ಯಾವ ಮೂಲಿಗೆ ಹೋದ್ರೂ ಅಷ್ಟ. 6206 ಅಂದ್ರ 30, 62, 16. ಆಯಿಲ್ ಸೀಲೂ ಹಂಗ, 35-52-7 ಅಂತ ಬರದಿರ್ತೈತಿ, ಶಾಫ್ಟ್, ಹೌಸಿಂಗ್, ದಪ್ಪ. ನಂಬರ್ ಅಳಿಸಿ ಹೋಗಿದ್ರ ವರ್ನಿಯರ್ ಹಚ್ಚಿ ಅಳತಿ ಮಾಡಿ ಹೋಗ್ರಿ, ಸಾಂಗ್ಲಿಯಾಗ ಸಿಗತೈತಿ, ಹುಬ್ಬಳ್ಳಿಯಾಗ ಸಿಗತೈತಿ, ಟ್ರ್ಯಾಕ್ಟರ್ ಹೆಸರು ಹೇಳೂ ಜರೂರತ್ತ ಇಲ್ಲ. ತಾಮ್ರದ ವಾಷರ್ ಬಿರುಸಾಗಿ ಸೋರಾಕತ್ರ ಕೆಂಪಗ ಕಾಸಿ ನೀರಿಗೆ ಹಾಕಿದ್ರ ಮೆತ್ತಗಾಗತೈತಿ, ಮತ್ತ ಹಾಕ್ಕೋಬಹುದು. ಪಾನಾದ ಮಾತು ಮಾತ್ರ ನೆನಪಿಡಬೇಕು, ಹಳೇ ಮ್ಯಾಸಿ ಟ್ರ್ಯಾಕ್ಟರ್ ಮತ್ತ ಮಹೀಂದ್ರಾದ ಬಿ-275ಕ್ಕ ಇಂಚಿನ ಪಾನಾ, ಜೆಟರ್‌ಗೆ ಮಿತ್ಸುಬಿಶಿಗೆ ಎಂಎಂ. ಒಂದರ ಬೋಲ್ಟ್ ಇನ್ನೊಂದಕ್ಕ ಹಾಕಿ ಜಬರದಸ್ತಿ ತಿರುವಿ ಆಟೆ (ಥ್ರೆಡ್) ಕೆಡಿಸಿಟ್ಟ ಗಾಡಿ ಎಷ್ಟ ನೋಡೇವೋ, ನಮ್ಮ ಅರ್ಧ ಆಯುಷ್ಯ ಮಂದಿ ಮಾಡಿದ ರಿಪೇರಿ ರಿಪೇರಿ ಮಾಡೂದರಾಗ ಹೋಗತೈತಿ.

ಬೀಡಿನ, ಅಂದ್ರ ಎರಕದ ಕಬ್ಬಿಣದ, ಪಾರ್ಟ್ ಒಡದ್ರ ಖರೇ ತ್ರಾಸು. ಬೀಡಿಗೆ ಸಾದಾ ರಾಡ್ ಹಚ್ಚಿ ಬೆಸಗಿ ಹಾಕಿದ್ರ ಬಾಜೂಕ ಮತ್ತ ಬಿರುಕು ಬಿಡತೈತಿ. ನಮ್ಮ ಚಾಚಾ ಮೊದ್ಲ ಇಡೀ ಪಾರ್ಟ್ ಬಿಸಿ ಮಾಡ್ತಾರ, ನಿಕಲ್ ರಾಡ್‌ಲೆ ಒಂದೊಂದ ಇಂಚು ಹಾಕ್ಕೋತ ಹೋಗ್ತಾರ, ಆಮ್ಯಾಗ ಬಿಸಿ ಬೂದಿಯಾಗ ಹೂತು ಇಡೀ ರಾತ್ರಿ ಆರಾಕ ಬಿಡ್ತಾರ. ಅದೂ ಆಗಲಾರದಷ್ಟು ಒಡದಿದ್ರ ಹೊಸಾದು ಎರಕ ಹೊಯ್ಯಸಬೇಕು. ಇಲ್ಲಿಗೆ ಬೆಳಗಾವಿ ಮಾತು ಬರ್ತೈತಿ ನೋಡ್ರಿ. ಫೌಂಡ್ರಿ ಕೆಲಸಕ್ಕ, ಹೈಡ್ರಾಲಿಕ್ ಸಾಮಾನಿಗೆ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶ ದೇಶದಾಗ ಹೆಸರಾದದ್ದು. ಅದರ ಬೇರು ಎಲ್ಲಿ ತನಕ ಐತಿ ಅಂದ್ರ ಲಕ್ಷ್ಮಣರಾವ್ ಕಿರ್ಲೋಸ್ಕರ್ ತನಕ, 1869ರಾಗ ಇದ ಬೆಳಗಾವಿ ಜಿಲ್ಲಾದ ಗುರ್ಲಹೊಸೂರಾಗ ಹುಟ್ಟಿದಾವ್ರು, ಬೆಳಗಾವಿಯೊಳಗ 1888ರಾಗ ಸೈಕಲ್ ಅಂಗಡಿ ಹಾಕಿ ಮುಂದ ಕಬ್ಬಿಣದ ನೇಗಿಲ ಮಾಡಿದ್ರು. ಆವಾಗ ರೈತರು ಕಬ್ಬಿಣ ಊರಿದ್ರ ನೆಲಕ್ಕ ವಿಷ ಏರತೈತಿ ಅಂತ ತಗೋಳವಲ್ರಂತ, ಮೊದಲಿನ ನಾಕಾರು ನೇಗಿಲ ಮಾರೂದರಾಗ ಸಾಕುಸಾಕಾಗಿತ್ತಂತ. ಅಂಥಾ ಊರಾಗ ಇವತ್ತ ನಾವು ಒಂದ ಗೇರ್ ಕವರ್ ಎರಕ ಹೊಯ್ದು ಕೊಡ್ರಿ ಅಂತ ಹೋದ್ರ, ಒಂದಕ್ಕ ಆಗಂಗಿಲ್ಲ, ನೂರು ತರ್ರಿ ಅಂತಾರ. ಅವ್ರದೂ ತಪ್ಪಲ್ಲ. ಎರಕಕ್ಕ ಮೊದ್ಲ ಕಟಗಿ ಪ್ಯಾಟರ್ನ್ ಬೇಕು, ಬೀಡು ಆರುವಾಗ ನೂರು ಮಿಲಿಮೀಟರಿಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಕುಗ್ಗತೈತಿ, ಅದನ್ನ ಹಿಡದು ಪ್ಯಾಟರ್ನ್ ದೊಡ್ಡದ ಮಾಡಬೇಕು, ಮಷೀನಿಂಗ್‌ಗೆ ಮತ್ತಷ್ಟು ಬಿಡಬೇಕು, ಖರ್ಚು ಇರೂದ ಅದರಾಗ. ಎರಕ ಹೊಯ್ಯೂದು ಅಗ್ಗ. ಅಂದ್ರ ಹತ್ತು ಮಂದಿ ಒಂದ ಮಾಡಲ್‌ನಾವ್ರು ಕೂಡಿ ಒಂದ ಪ್ಯಾಟರ್ನ್ ಮಾಡಿಸಿದ್ರ ಸಾಧ್ಯ ಐತಿ. ಆದ್ರ ಆ ಹತ್ತು ಮಂದಿ ಎಲ್ಲೆಲ್ಲಿ ಅದಾರ? ಒಬ್ಬ ಚಡಚಣದಾಗ, ಒಬ್ಬ ಬೀಳಗಿಯಾಗ, ಒಬ್ಬ ರಾಯಬಾಗದಾಗ, ಒಬ್ಬರಿಗೊಬ್ಬರ ಪತ್ತೆ ಇಲ್ಲ. ನಮ್ಮ ಎಲ್ಲಾ ತಾಪತ್ರಯದ ಬುಡ ಇದ ಐತ್ರಿ, ಪಾರ್ಟ್ ಇಲ್ಲದ್ದಲ್ಲ.

ಇನ್ನ ಕಾನೂನಿನ ಕಡೆ ಬರೂಣು. ಹದಿನೈದು ವರ್ಷಕ್ಕ ಗುಜರಿ ಅನ್ನೂದನ್ನ ಊರ ತುಂಬ ಹಬ್ಬಿಸ್ಯಾರ, ಗುಜರಿ ವ್ಯಾಪಾರದವರು ಇದನ್ನ ಹೇಳೇ ಅಜ್ಜಂದಿರ ಹತ್ರ ಗಾಡಿ ಹೊಡಕೊಂಡು ಹೋಗ್ತಾರ. 2023ರ ಏಪ್ರಿಲ್ ಒಂದರಿಂದ ಹದಿನೈದು ವರ್ಷ ಆದ ಮ್ಯಾಲ ನೋಂದಣಿ ರದ್ದು ಅಂತ ಬಂದದ್ದು ಸರ್ಕಾರಿ ಗಾಡಿಗೆ. ರೈತನ ಟ್ರ್ಯಾಕ್ಟರ್‌ಗೆ ಹದಿನೈದು ವರ್ಷ ಆದ ಮ್ಯಾಲ ತಪಾಸಣಿ ಮಾಡಿಸಿ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಮಾಡಿಸಿಕೊಳ್ಳಾಕ ಬರ್ತೈತಿ. ಆದ್ರ ಖರೇ ಹಳೇವು, ಎಪ್ಪತ್ತರ ದಶಕದಾವು, ಅವುಗಳ ಕಥಿ ಬ್ಯಾರೆ. 2021ರಾಗ ಕೇಂದ್ರದವರು ವಿಂಟೇಜ್ ಗಾಡಿಗೆ ಅಂತ ನಿಯಮ ತಂದ್ರು, 50 ವರ್ಷ ದಾಟಿದ ಎರಡು ಗಾಲಿ, ನಾಕು ಗಾಲಿ ಗಾಡಿಗೆ ವಿಎ ಅಂತ ನಂಬರ್ ಪ್ಲೇಟ್. ಹೊಸದಾಗಿ ಮಾಡಿಸಾಕ 20,000 ರೂಪಾಯಿ, ಮುಂದ ಮತ್ತ ಮಾಡಿಸಾಕ 5,000. ಗಾಡಿ ಮೂಲ ರೂಪದಾಗ ಇರಬೇಕು, ದೊಡ್ಡ ಬದಲಾವಣಿ ಮಾಡಿರಬಾರದು, ರೋಡ್ ಮ್ಯಾಲ ದಿನಾ ಓಡಸಂಗಿಲ್ಲ, ದುಡಿಮಿಗೆ ಹಚ್ಚಂಗಿಲ್ಲ. ಮೈಸೂರು ಬೆಂಗಳೂರಾಗ ಗ್ಯಾರೇಜಿನಾಗ ಬಟ್ಟಿ ಹೊಚ್ಚಿ ಕಾರ್ ಇಟ್ಕೊಂಡಾವ್ರಿಗೆ ಇದು ಸರಿ ಐತಿ. ನಮಗ? ನಮ್ಮ ಗಾಡಿ ದುಡೀಬೇಕಲ್ರಿ.

ಮತ್ತ ಮೂಲ ರೂಪ ಅನ್ನೂದರ ಮ್ಯಾಲ ನಮ್ಮ ಗುಂಪಿನಾಗ ಪ್ರತಿ ಐತವಾರ ಜಗಳ. ಡಿಪೋ ಕಾಕಾಗ ಎಲ್ಲಾ ಕಂಪನಿಯಿಂದ ಬಂದಂಗ ಇರಬೇಕು, ಬಣ್ಣ ಸುದ್ದಾ. ವೈಂಡಿಂಗ್ ಹುಡುಗಗ ಎಲ್ಲಾ ಬದಲಿ ಮಾಡಬೇಕು. ನಾನು ನಡುವಿನಾವ. ಹಳೇ ಡೈನಮೋ ಎಂಜಿನ್ ಸಾವಕಾಶ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡಂಗಿಲ್ಲ, ಚಾರ್ಜಿಂಗ್ ಹತೋಟಿ ಮಾಡೂ ಕಟೌಟ್ ಕೆಟ್ಟ್ರ ರಾತ್ರಿ ಲೈಟಿಲ್ಲ. ಅದರ ಜಾಗಾಕ್ಕ ಆಲ್ಟರ್ನೇಟರ್ ಕೂಡಿಸಿ ಎಲ್‌ಇಡಿ ಹಾಕಿದ್ರ ತಪ್ಪೇನು? ಮುಂಜಾನೆ ನಾಕಕ್ಕ ಔಷಧ ಹೊಡಿಯಾವ್ರಿಗೆ ಅದು ಬೇಕ ಬೇಕು. ಹಿಂದ ಕಟ್ಟಿದ ಯಂತ್ರಕ್ಕ ಎಂಜಿನ್ ಶಕ್ತಿ ಕೊಡೂ ಪಿಟಿಒ ಶಾಫ್ಟ್ ನಿಮಿಷಕ್ಕ 540 ಸುತ್ತು ತಿರುಗತೈತಿ, ಹಳೇ ಗಾಡಿಯಾಗ ಅದರ ಮ್ಯಾಲ ಕವರ್ ಕಳದು ಎಷ್ಟೋ ಕಾಲ ಆಗಿರ್ತೈತಿ, ಧೋತರದ ಚುಂಗು ಇಲ್ಲಾ ಸೀರಿ ಸೆರಗು ಸಿಕ್ರ ಬಿಡಿಸಾಕ ಟೈಮ್ ಸಿಗಂಗಿಲ್ಲ. ನಾವು ಯಾವುದ ಗಾಡಿ ಕೈಗೆ ತಗೊಂಡ್ರೂ ಮೊದ್ಲ ಆ ಕವರ್ ಮಾಡಿಸಿ ಹಾಕ್ತೇವಿ, ಹಿಂದ ಕೆಂಪು ರಿಫ್ಲೆಕ್ಟರ್ ಹಚ್ತೇವಿ, ಆಮ್ಯಾಗ ಬಣ್ಣದ ಮಾತು. ಒಂದಕ್ಕ ಬೆಳಗಾವಿಯಿಂದ ಹೈಡ್ರಾಲಿಕ್ ಯುನಿಟ್ ತಂದು ಪವರ್ ಸ್ಟೀರಿಂಗ್ ಸುದ್ದಾ ಕೂಡಿಸೇವಿ, ಅದರ ಮಾಲಕಗ ಭುಜ ನೋವು, ಸಾಲಿನ ಕಡೀಕ ತಿರುವುವಾಗ ಅಳತಿದ್ದ. ಕಾಕಾ ಅದನ್ನ ನೋಡಿ ಮಾರಿ ಆ ಕಡೆ ತಿರುವಿಕೊಂಡ್ರು, ಆದ್ರ ಪೈಪ್ ಜೋಡಣಿ ಸರಿ ಆಗೇತೋ ಇಲ್ಲೋ ಅಂತ ಬಗ್ಗಿ ನೋಡಿದಾವ್ರೂ ಅವರ. ಇಷ್ಟ ಮಾಡಿದ ಗಾಡಿ ನಿಯಮದ ಪ್ರಕಾರ ವಿಂಟೇಜ್ ಅಲ್ಲ. ಅಂದ್ರ ಸುರಕ್ಷಿತ ಮಾಡಿದಷ್ಟು ಅದಕ್ಕ ಮರ್ಯಾದಿ ಕಮ್ಮಿ ಆತು, ಇದೆಂಥಾ ಲೆಕ್ಕ. ವಯಸ್ಸಾದ್ರೂ ದುಡಿಯೂ ಯಂತ್ರ ಅಂತ ಒಂದ ಬ್ಯಾರೆ ಸಾಲು ನಿಯಮದಾಗ ಬೇಕ್ರಿ, ಬ್ರೇಕು ಲೈಟು ಪಿಟಿಒ ಕವರು ಹೊಗಿ ನೋಡಿ ಪಾಸ್ ಮಾಡ್ರಿ, ಫೀ ರೈತಗ ಎಟಕೂವಂಗ ಇರಲಿ.

ಹಳೇದನ್ನ ಮಂದಿ ಹೆಂಗ ಉಳಿಸಿಕೊಳ್ತಾರ ಅನ್ನೂದಕ್ಕ ಅಮೆರಿಕಾ ನೋಡ್ರಿ. ಅಲ್ಲಿ ಗಾರ್ಡನ್ ಟ್ರ್ಯಾಕ್ಟರ್ ಅಂದ್ರ ನಮ್ಮ ಸಣ್ಣ ಟ್ರ್ಯಾಕ್ಟರ್‌ಗಿಂತಾನೂ ಸಣ್ಣದು, ಮನಿ ಸುತ್ತಲಿನ ಹುಲ್ಲು ಕೊಯ್ಯೂದು, ಕೈತೋಟ ಹರಗೂದು, ಬರ್ಫ್ ತಳ್ಳೂದು. ನಮ್ಮಲ್ಲಿ 1963ರಾಗ ಮಹೀಂದ್ರಾದವರ ಜೋಡಿ ಕೂಡಿ ಮುಂದ ಬಿ-275 ತಂದ್ರಲ್ಲ, ಅದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯವರು 1961ರಾಗ ಅಲ್ಲಿ ಕಬ್ ಕ್ಯಾಡೆಟ್ ಅಂತ ಇಂಥಾದ್ದೊಂದು ಬಿಟ್ಟಿದ್ರು, 1963ರಾಗ ಜಾನ್ ಡಿಯರ್ ಕಂಪನಿಯ 110 ಬಂತು. ಅರವತ್ತು ವರ್ಷ ಆದ್ರೂ ಅಲ್ಲಿ ಮಂದಿ ಅವನ್ನ ಬಿಚ್ಚಿ ಜೋಡಿಸಿ, ಒಬ್ಬರಿಗೊಬ್ಬರು ಪಾರ್ಟ್ ಕೊಟ್ಟು ತಗೊಂಡು, ಮೇಳ ಮಾಡಿ ಸಾಲಾಗಿ ನಿಲ್ಲಸ್ತಾರ. ನಮ್ಮಲ್ಲೂ ಮೇಳಕ್ಕೇನ ಕೊರತಿ ಇಲ್ಲ. ಬಾಗಲಕೋಟಿ ಉದ್ಯಾನಗಿರಿಯ ತೋಟಗಾರಿಕಿ ವಿಶ್ವವಿದ್ಯಾಲಯದಾಗ ತೋಟಗಾರಿಕಿ ಮೇಳ ಆಗತೈತಿ, ಧಾರವಾಡದಾಗ ಕೃಷಿ ಮೇಳ ಆಗತೈತಿ, ಲಕ್ಷಗಟ್ಟಲೆ ಮಂದಿ ಬರ್ತಾರ. ಅಲ್ಲಿ ಹೊಸ ಟ್ರ್ಯಾಕ್ಟರಿನ ಸ್ಟಾಲ್ ಮುಂದ ಬಲೂನು, ಹಾಡು, ಸಬ್ಸಿಡಿ ಫಾರ್ಮ್ ಎಲ್ಲಾ ಇರ್ತಾವು. ಹೊಸಾದಕ್ಕ ಸಬ್ಸಿಡಿ ಕೊಡೂದಕ್ಕ ನನ್ನ ತಕರಾರಿಲ್ಲ, ಯಂತ್ರಧಾರೆ ಬಾಡಿಗಿ ಕೇಂದ್ರಾನೂ ಬೇಕು, ಆದ್ರ ಅವು ಚಾಟ್ನಿ ಹೊತ್ತಿನಾಗ ಎಲ್ಲಾರಿಗೂ ಒಮ್ಮೆಲೆ ಬೇಕಾಗ್ತಾವು, ಪಾಳಿ ಹಚ್ಚಿ ನಿಂದರೂದರಾಗ ಡೌನಿ ಬಂದು ಕುಂತಿರ್ತೈತಿ. ನಾನು ಕೇಳೂದು ಇಷ್ಟ, ಆ ಮೇಳದ ಬಯಲಿನಾಗ ಒಂದ ಮೂಲಿ ನಮಗ ಕೊಡ್ರಿ. ಪೆಂಡಾಲ್ ಬ್ಯಾಡ, ಬ್ಯಾನರ್ ಬ್ಯಾಡ, ಒಂದಿಷ್ಟು ನೆರಳು ಇದ್ರ ಸಾಕು. ವಿಜಯಪುರ, ಬಾಗಲಕೋಟಿ, ಬೆಳಗಾವಿ ಮೂರೂ ಜಿಲ್ಲಾದ ಹಳೇ ಸಣ್ಣ ಟ್ರ್ಯಾಕ್ಟರಿನಾವ್ರು, ಪವರ್ ಟಿಲ್ಲರಿನಾವ್ರು ತಮ್ಮ ಗಾಡಿ ತಂದು ನಿಲ್ಲಸ್ತೇವಿ, ಎಂಜಿನ್ ಬಿಚ್ಚಿ ತೋರಸ್ತೇವಿ, ಯಾರ ಹತ್ರ ಯಾವ ಪಾರ್ಟ್ ಐತಿ ಅನ್ನೂದು ಅಲ್ಲೇ ಗೊತ್ತಾಗತೈತಿ. ಐಟಿಐ ಹುಡುಗೂರನ್ನ ಒಂದಿನ ಕರಕೊಂಡು ಬಂದು ನಮ್ಮ ಕಾಕಾನ ಮುಂದ ಕುಂದ್ರಸ್ರಿ. ಉದ್ಯಮಬಾಗದ ಫೌಂಡ್ರಿಯವ್ರೂ ಬರ್ರಿ, ಹತ್ತು ಮಂದಿ ಒಂದ ಮಾಡಲ್‌ನಾವ್ರು ನಿಮ್ಮ ಮುಂದ ನಿಂತಿರ್ತಾರ, ರೇಟ್ ಅಲ್ಲೇ ಮಾತಾಡೂಣು.

ಪವರ್ ಟಿಲ್ಲರ್ ಅಂದ ಮ್ಯಾಲ ಒಂದ ಮಾತು ನೆನಪಾತು. ಕಾಮ್ಕೋ ಟಿಲ್ಲರಿನ ಕಂಪನಿ ಅಥಣಿಯೊಳಗ ಐತಿ ಅಂತ ಪ್ಲೇಟ್ ಮ್ಯಾಲ ನೋಡಿ ನಮ್ಮ ಗುಂಪಿನಾವ ಒಬ್ಬ ಪಾರ್ಟಿಗಂತ ನಮ್ಮ ಅಥಣಿಗೆ ಹೊಂಟಿದ್ದ, ಅದು ಕೇರಳದ ಎರ್ನಾಕುಲಂ ಹತ್ರದ ಅಥಣಿ. ಸುಮ್ಮ ಹೇಳಿದ್ನಿ.

ಸದ್ಯಕ್ಕ ನಮ್ಮ ವೈಂಡಿಂಗ್ ಹುಡುಗ ಒಂದ ನೋಟ್‌ಬುಕ್ ಮಾಡಾಕತ್ತಾನ, ಯಾವ ಊರಾಗ ಯಾವ ಮಾಡಲ್, ಚಾಲೂ ಐತೋ ನಿಂತೈತೋ, ಯಾವ ಪಾರ್ಟ್ ಬೇಕಾಗೇತಿ, ಯಾವುದು ಹೆಚ್ಚಿಗಿ ಐತಿ. 2511ರ ಹೈಡ್ರಾಲಿಕ್ ಲಿಫ್ಟಿನ ಮ್ಯಾಲಿನ ಕವರ್ ಮೂರು ಮಂದಿಗೆ ಬೇಕಾಗೇತಿ, 180ಡಿಯ ಹಳೇ ಪಾರ್ಟ್ಸ್ ಪುಸ್ತಕ ಯಾರ ಮನಿ ಅಟ್ಟದ ಮ್ಯಾಲ ಇದ್ರೂ ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕೊಡ್ತೇವಿ. ನಿಮ್ಮ ಹೊಲದಾಗ ಅಂಥಾ ಗಾಡಿ ನಿಂತಿದ್ರ ನಿಮ್ಮೂರಿನ ಲೇತ್ ಮಿಸ್ತ್ರಿ ಕಿವಿಗೆ ಹಾಕ್ರಿ, ಲೇತಿನಾವ್ರಿಗೆ ಒಬ್ಬರಿಗೊಬ್ಬರ ಸುದ್ದಿ ಗೊತ್ತಿರ್ತೈತಿ, ನಮಗ ಬಂದು ಮುಟ್ಟತೈತಿ. ಇಷ್ಟ ಆದ ಮ್ಯಾಲೂ ಗುಜರಿಗೇ ಕೊಡಾವ್ರಿದ್ರ ಮೊದ್ಲ ಆರ್‌ಸಿ ರದ್ದು ಮಾಡಿಸ್ರಿ, ಚಾಸಿಸ್ ನಂಬರಿನ ಫೋಟೋ ಇಟ್ಕೋರಿ, ನಿಮ್ಮ ಹೆಸರಿನ ಗಾಡಿ ನಾಳೆ ಯಾವ ರೋಡಿನಾಗ ಓಡತೈತೋ ಹೇಳಾಕ ಬರಂಗಿಲ್ಲ. ಮತ್ತ ಕೊಡೂಕಿಂತ ಮೊದಲ ನಾಜಲ್, ಪಂಪು, ಸೆಲ್ಫ್ ಮೋಟರ್ ಬಿಚ್ಚಿ ಮನ್ಯಾಗ ಇಟ್ಕೋರಿ, ತೂಕದಾಗ ಅವಕ್ಕ ಏನೂ ಬರಂಗಿಲ್ಲ, ನಮಗ ಅವ ಬೇಕು.

ಇಂತಿ ನಿಮ್ಮ ಓದುಗ,
ಒಬ್ಬ ದ್ರಾಕ್ಷಿ ಬೆಳೆಗಾರ
ತಿಕೋಟಾ ತಾಲೂಕು, ವಿಜಯಪುರ ಜಿಲ್ಲಾ